ಮುಳ್ಳಿನ ಹಿಂದಿನ ಬೆರಳುಗಳು

ಕಳೆದ ತಿಂಗಳ ಕೊನೆಯ ಭಾನುವಾರ ನಮ್ಮ ಸಂಘದ ಮಾಸಿಕ ಉಪನ್ಯಾಸ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಾಗಿತ್ತು. ಧಾರವಾಡದ ಕಡೆಯ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಒಂದು ಮೂಲೆಗೆ ಕರೆದರು. ಪುಣೆಗೆ ಬಂದು ಮೂವತ್ತು ವರ್ಷ ಕಳೆದರೂ ಅವರ ಮಾತಿನಲ್ಲಿ ಊರಿನ ಮಣ್ಣು ಇನ್ನೂ ಒಣಗಿಲ್ಲ.

"ನೋಡ್ರಿ ಸರ, ನಮ್ಮ ಹುಡುಗಿ ಬಿ.ಎಸ್ಸಿ. ಪಾಸಾಗ್ಯಾಳ. ಚಾಕಣದಾಗ ಒಂದು ಕಾರ್ಖಾನ್ಯಾಗ ಕೆಲಸ ಸಿಕ್ಕದ ಅಂತಾಳ. ಏನ್ ಕೆಲಸ ಅಂದ್ರ, ದಿನಾ ಎಂಟು ತಾಸು ಮೈಕ್ರೋಸ್ಕೋಪಿನ್ಯಾಗ ಕಣ್ಣಿಟ್ಟು ಸಣ್ಣ ಸಣ್ಣ ಸರ್ಕೀಟ್ ಹಲಗಿ ನೋಡೂದಂತ. ಇದಕ್ಕೇನ್ರಿ ನಾವು ಇಷ್ಟು ಕಷ್ಟಪಟ್ಟು ಓದ್ಸಿದ್ದು?"

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ತಂದೆಯ ಮಾತು ಮುಗಿಯುವ ತನಕ ಸುಮ್ಮನಿದ್ದು ನಮ್ಮ ಕಡೆ ತಿರುಗಿದಳು. "ಕಾಕಾ, ನನಗ ಅಂಥಾ ಕೆಲಸ ಸೇರತದ. ಆದ್ರ ಅದು ಒಳ್ಳೆ ಕೆಲಸ ಹೌದೋ ಅಲ್ಲೋ ಅಂತ ಹೆಂಗ ತಿಳ್ಕೋಬೇಕು?"

ತಂದೆಯ ಪ್ರಶ್ನೆಗೆ ಸಮಾಧಾನ ಹೇಳುವುದು ಸುಲಭ. ಮಗಳ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ನಾವು ಕೇಂದ್ರ ಸರ್ಕಾರದ ಲೆಕ್ಕದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಅಂಕಿಗಳನ್ನು ತಾಳೆ ನೋಡುತ್ತಾ ಬಂದವರು, ಕಾರ್ಖಾನೆಯೊಳಗೆ ದುಡಿದವರಲ್ಲ. ಏನು ಹೇಳಬೇಕೆಂದು ತೋಚದೆ, ತೋಚದಿದ್ದಾಗ ಎಲ್ಲರೂ ಮಾಡುವಂತೆ ಕೈಗಡಿಯಾರ ನೋಡಿಕೊಂಡೆವು. ನಮ್ಮ ಕೈಯಲ್ಲಿರುವುದು ತಂದೆಯವರು ಬಿಟ್ಟುಹೋದ ಎಚ್.ಎಂ.ಟಿ. ಜನತಾ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ; ಬೆಳಗಾದರೆ ಕೀಲಿ ಕೊಡಬೇಕು. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರದ ಒಂದಷ್ಟು ಪಾಲು ಈ ಗಡಿಯಾರದ ಇತಿಹಾಸದಲ್ಲೇ ಇದೆಯೆಂದು ಆಗ ಹೊಳೆಯಿತು. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಲೆಕ್ಕ. ಓದುಗರು ಬೇಸರಪಡಬಾರದು, ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಒಂದು ದಿನಕ್ಕೆ 86,400 ಸೆಕೆಂಡುಗಳು. ನಮ್ಮ ಗಡಿಯಾರ ದಿನಕ್ಕೆ 30 ಸೆಕೆಂಡು ತಪ್ಪುತ್ತದೆ ಎಂದರೆ 2,880ರಲ್ಲಿ ಒಂದು ಪಾಲು ತಪ್ಪುತ್ತದೆ ಎಂದಾಯಿತು. ಪರೀಕ್ಷೆಯ ಅಂಕದಲ್ಲಿ ಹೇಳುವುದಾದರೆ ನೂರಕ್ಕೆ 99.96ಕ್ಕೂ ಮೇಲೆ. ಇಷ್ಟು ಅಂಕ ತೆಗೆದ ಮಗುವನ್ನು ನಾವು ಹೊತ್ತು ಮೆರೆಸುತ್ತೇವೆ. ಇಷ್ಟೇ ಅಂಕ ತೆಗೆದ ಗಡಿಯಾರವನ್ನು "ಹಿಂದೆ ಬೀಳುತ್ತದೆ" ಎಂದು ಬೈಯುತ್ತೇವೆ. ಅದರೊಳಗೆ ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರವೊಂದು ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗಿಗೆ ಕಟ್ಟಿಬಿದ್ದು, ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ, ದಿನಕ್ಕೆ 4,32,000 ಬಾರಿ ಅತ್ತಿತ್ತ ಮಿಡಿಯುತ್ತದೆ. ಅದರ ಅಚ್ಚಿನ ತುದಿ ಸವೆಯದಿರಲೆಂದು ಕೃತಕ ಮಾಣಿಕ್ಯದ ಕುಣಿಕೆಗಳಿವೆ. ಗಡಿಯಾರದ ಮುಖದ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುವುದು ಈ ಕಲ್ಲುಗಳ ಲೆಕ್ಕವೇ ಹೊರತು ಅಲಂಕಾರದ ರತ್ನಗಳದ್ದಲ್ಲ. ಒಂದು ಹನಿ ಎಣ್ಣೆ ಹೆಚ್ಚಾದರೆ ಅದು ಹರಡಿ ಧೂಳು ಹಿಡಿಯುತ್ತದೆ; ಕಡಿಮೆಯಾದರೆ ಅಚ್ಚು ಸವೆಯುತ್ತದೆ. ಇಷ್ಟನ್ನೂ ಯಾರೋ ಒಬ್ಬರು ಚಿಮಟ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದಾಗಿ ಕೂಡಿಸಿರುತ್ತಾರೆ.

ಹಿಂದೆ ಹೀಗೆ ಕೂಡಿಸುವವರು ಹುಟ್ಟಾ ಕಸುಬುದಾರರು. ಇಂಗ್ಲೆಂಡಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹುಡುಗರು ಗುರುವಿನ ಮನೆಯಲ್ಲಿ ವರ್ಷಾನುಗಟ್ಟಲೆ ಇದ್ದು ವಿದ್ಯೆ ಕಲಿಯುತ್ತಿದ್ದರು. ಪ್ರತಿ ಗಡಿಯಾರದ ಭಾಗವನ್ನೂ ಆ ಗಡಿಯಾರಕ್ಕೇ ಅರದಿಂದ ಉಜ್ಜಿ ಹೊಂದಿಸಬೇಕು. ಒಂದರ ಹಲ್ಲುಚಕ್ರ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ನಿಖರತೆ ಎಂಬುದು ಆಗ ಒಬ್ಬ ಮನುಷ್ಯನ ಬೆರಳಿನಲ್ಲಿತ್ತು. ಆತ ಸತ್ತರೆ ಅದೂ ಅವನೊಡನೆ ಹೋಗುತ್ತಿತ್ತು.

ಇದನ್ನು ಬದಲಿಸಲು ಹೊರಟವನು ಅಮೆರಿಕದ ಏರನ್ ಡೆನಿಸನ್. ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಆಯುಧ ಕಾರ್ಖಾನೆಯಲ್ಲಿ ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಹೊಂದುವಂತೆ ತಯಾರಿಸುವುದನ್ನು ಅವನು ಕಂಡಿದ್ದ. ಬಂದೂಕಿಗೆ ಆಗುವುದು ಗಡಿಯಾರಕ್ಕೇಕೆ ಆಗಬಾರದು ಎಂಬುದು ಅವನ ಯೋಚನೆ. ಸಂಗಡಿಗರೊಡನೆ ಅವನು ಆರಂಭಿಸಿದ ಕಾರ್ಖಾನೆ 1854ರಲ್ಲಿ ಮ್ಯಾಸಚೂಸೆಟ್ಸಿನ ವಾಲ್ಥಮ್ ಎಂಬಲ್ಲಿಗೆ ಬಂತು. ಮೂರೇ ವರ್ಷಕ್ಕೆ ದಿವಾಳಿಯೆದ್ದು ಬೇರೆಯವರ ಕೈ ಸೇರಿತು. ಆದರೆ ಯೋಚನೆ ದಿವಾಳಿಯಾಗಲಿಲ್ಲ.

ಅದರ ಗುಟ್ಟು ಇದ್ದದ್ದು ಯಂತ್ರದಲ್ಲಿ ಅರ್ಧ, ಅಳತೆಪಟ್ಟಿಯಲ್ಲಿ ಅರ್ಧ. ಕಾರ್ಖಾನೆಗಳಲ್ಲಿ ಗೇಜ್ ಎನ್ನುವ ಸಾಧನವನ್ನು ಓದುಗರಲ್ಲಿ ಕೆಲವರು ಬಳಸಿಯೇ ಇರುತ್ತೀರಿ. ತಯಾರಾದ ರಂಧ್ರದೊಳಗೆ ಗೇಜಿನ ಒಂದು ತುದಿ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಲೇಕೂಡದು. ಎರಡೂ ಹೋದರೆ ರಂಧ್ರ ದೊಡ್ಡದಾಯಿತು. ಎರಡೂ ಹೋಗದಿದ್ದರೆ ಚಿಕ್ಕದಾಯಿತು. ಇಲ್ಲಿ ಹತ್ತು ವರ್ಷದ ಗುರುಕುಲವಾಸ ಬೇಕಿಲ್ಲ. ಶ್ರದ್ಧೆ ಬೇಕು, ಪ್ರತಿಸಲವೂ ಅದೇ ಶ್ರದ್ಧೆ ಬೇಕು. ನಿಖರತೆ ಒಬ್ಬ ಗುರುವಿನ ಬೆರಳಿನಿಂದ ಇಳಿದು ನೂರಾರು ಜನರ ನಡುವೆ ಹಂಚಿಕೊಂಡಿತು. ವಾಲ್ಥಮಿನಲ್ಲಿ ಹೀಗೆ ಹಂಚಿಕೊಂಡವರಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದಾಗಿತ್ತು. 1876ರಲ್ಲಿ ಫಿಲಡೆಲ್ಫಿಯಾದ ಮಹಾ ಪ್ರದರ್ಶನದಲ್ಲಿ ವಾಲ್ಥಮ್‌ನವರು ತಮ್ಮ ಗಡಿಯಾರಗಳನ್ನೂ, ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಕ್ರೂಗಳನ್ನು ತಾನಾಗಿಯೇ ತಯಾರಿಸುವ ಯಂತ್ರವನ್ನೂ ಇಟ್ಟಿದ್ದರು. ನೋಡಲು ಬಂದ ಸ್ವಿಸ್ ಪ್ರತಿನಿಧಿಗಳು ತಮ್ಮ ದೇಶಕ್ಕೆ ಮರಳಿ, ನಾವಿನ್ನು ಎಚ್ಚೆತ್ತುಕೊಳ್ಳದಿದ್ದರೆ ಕೆಟ್ಟೆವು ಎಂದು ಕಸುಬಿನವರನ್ನು ಎಚ್ಚರಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸೂಕ್ಷ್ಮ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಮಾಲೀಕರೆಲ್ಲ ಸಾಮಾನ್ಯವಾಗಿ ಹೇಳುತ್ತಾ ಬಂದದ್ದು ಒಂದೇ: ತಾಳ್ಮೆ ಅವರಿಗೆ ಹುಟ್ಟುಗುಣ, ಬೆರಳು ಸಣ್ಣ, ಕೈ ಹಗುರ. ಕೇಳಲು ಹೊಗಳಿಕೆಯಂತಿದೆ. ಆದರೆ ಹೊಗಳಿಕೆಯ ಬೆನ್ನಿಗೇ ಒಂದು ಲೆಕ್ಕವಿರುತ್ತದೆ. ಕಲಿತ ವಿದ್ಯೆಗೆ ಬೆಲೆ ಕಟ್ಟಬೇಕಾಗುತ್ತದೆ. ಹುಟ್ಟುಗುಣಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ರಂಗೋಲಿಯ ಎಳೆ ತಪ್ಪದಂತೆ ಬಿಡುವ ಕೈ ಎಷ್ಟು ಬೆಳಗಿನ ಅಭ್ಯಾಸದಿಂದ ಬಂದದ್ದೆಂದು ನಮ್ಮ ಮನೆಗಳಲ್ಲೂ ಯಾರು ಕೇಳುತ್ತೇವೆ?

ಈ ಹುಟ್ಟುಗುಣದ ಮಾತು ಎಲ್ಲಿಗೆ ಹೋಗಿ ನಿಲ್ಲಬಹುದೆಂಬುದಕ್ಕೆ ಅಮೆರಿಕದ ನ್ಯೂ ಜರ್ಸಿ ಸಂಸ್ಥಾನದ ಆರೆಂಜ್ ಎಂಬ ಊರಿನ ಕಥೆ ಇದೆ. ಇದು ನಡೆದ ಕಥೆ.

ಮೊದಲ ಮಹಾಯುದ್ಧದ ಕಾಲ. ಕಂದಕದೊಳಗೆ ಕುಳಿತ ಸೈನಿಕನಿಗೆ ಕತ್ತಲಲ್ಲಿ ದೀಪ ಹಚ್ಚದೆ ಹೊತ್ತು ತಿಳಿಯಬೇಕು. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂ ಇದಕ್ಕೆ ಒದಗಿತು. ಸತುವಿನ ಸಲ್ಫೈಡಿಗೆ ಚಿಟಿಕೆಗಿಂತಲೂ ಎಷ್ಟೋ ಕಡಿಮೆ ರೇಡಿಯಂ ಬೆರೆಸಿ ಬಣ್ಣ ಮಾಡಿದರೆ ಅದು ರಾತ್ರಿಯೆಲ್ಲ ಮಿನುಗುತ್ತದೆ. 1917ರಿಂದ ಆರೆಂಜಿನ ಕಾರ್ಖಾನೆಯಲ್ಲಿ ಈ ಬಣ್ಣದಿಂದ ಗಡಿಯಾರದ ಮುಖಗಳ ಮೇಲೆ ಅಂಕಿ ಬರೆಯುವ ಕೆಲಸ ನಡೆಯಿತು. ಬರೆಯುವವರು ಹದಿನಾಲ್ಕರಿಂದ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಒಬ್ಬೊಬ್ಬಳು ದಿನಕ್ಕೆ ಸುಮಾರು 250 ಮುಖಗಳನ್ನು ಬರೆಯುತ್ತಿದ್ದಳು. ಕೂಲಿ ಬಿಡಿ ಲೆಕ್ಕದ್ದು. ಆ ಕಾಲದ ಹುಡುಗಿಯರ ಕೆಲಸಗಳಲ್ಲಿ ಒಳ್ಳೆಯ ಸಂಪಾದನೆಯೆಂದೇ ಹೆಸರು.

ಅಂಕಿಯ ಗೆರೆ ದಪ್ಪವಾಗಬಾರದು. ಕುಂಚದ ಕೂದಲು ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಕೆದರಿಕೊಳ್ಳುತ್ತದೆ. ಅದನ್ನು ಮತ್ತೆ ಮೊನಚು ಮಾಡಲು ಅವರಿಗೆ ಕಲಿಸಿಕೊಟ್ಟ ಉಪಾಯ, ಕುಂಚವನ್ನು ತುಟಿಗಳ ನಡುವೆ ಇಟ್ಟು ತಿರುವುವುದು. ತುಟಿಗೆ, ಬಣ್ಣಕ್ಕೆ, ಗಡಿಯಾರಕ್ಕೆ, ಮತ್ತೆ ತುಟಿಗೆ. ಇದರಿಂದ ಏನೂ ಕೆಡುಕಿಲ್ಲವೆಂದು ಅವರಿಗೆ ಹೇಳಲಾಗಿತ್ತು. ಅದೇ ಕಟ್ಟಡದ ಪ್ರಯೋಗಶಾಲೆಯಲ್ಲಿ ರೇಡಿಯಂ ಮುಟ್ಟುವ ಗಂಡಸರು ಸೀಸದ ತಡೆಯನ್ನೂ ಇಕ್ಕಳವನ್ನೂ ಬಳಸುತ್ತಿದ್ದರು. ಹುಡುಗಿಯರು ಕತ್ತಲಲ್ಲಿ ಹೊಳೆಯುವುದು ಚೆಂದವೆಂದು ಉಗುರಿಗೂ ಅಂಗಿಯ ಗುಂಡಿಗೂ ಆ ಬಣ್ಣ ಹಚ್ಚಿಕೊಂಡು ನಗುತ್ತಿದ್ದರು.

ರೇಡಿಯಂ ದೇಹದೊಳಗೆ ಹೋದರೆ ಸುಣ್ಣದ ಅಂಶದಂತೆ ವರ್ತಿಸಿ ಎಲುಬಿನಲ್ಲಿ ನೆಲೆಯೂರುತ್ತದೆ. ಅದರ ಶಕ್ತಿ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಮೊದಲು ಹಲ್ಲು ನೋವು. ಕಿತ್ತ ಹಲ್ಲಿನ ಜಾಗ ಮಾಯುವುದಿಲ್ಲ. ಆಮೇಲೆ ದವಡೆಯ ಎಲುಬೇ ಕಳಚಿ ಬರುತ್ತದೆ. 1922ರಲ್ಲಿ ಮಾಲಿ ಮ್ಯಾಗಿಯಾ ಎಂಬಾಕೆ ಇಪ್ಪತ್ತನಾಲ್ಕರ ಪ್ರಾಯದಲ್ಲಿ ಹೀಗೆ ತೀರಿಕೊಂಡಳು. ಸಾವಿನ ಕಾರಣವೆಂದು ಕಾಗದದಲ್ಲಿ ಬರೆದದ್ದು ಗುಹ್ಯರೋಗ. ಸತ್ತವಳಿಗೆ ಮಾನವೂ ಉಳಿಯಲಿಲ್ಲ. ಕಾರ್ಖಾನೆಯವರೇ ಕರೆಸಿದ ಹಾರ್ವರ್ಡ್ ವಿದ್ಯಾಲಯದ ತಜ್ಞ ಸೆಸಿಲ್ ಡ್ರಿಂಕರ್ 1924ರಲ್ಲಿ ಅಪಾಯವಿದೆಯೆಂದು ವರದಿ ಕೊಟ್ಟಾಗ, ಕಂಪನಿ ಆ ವರದಿಯನ್ನು ತಿರುಚಿ, ಎಲ್ಲವೂ ಕ್ಷೇಮವೆಂಬ ಅರ್ಥ ಬರುವಂತೆ ಸರ್ಕಾರಕ್ಕೆ ಒಪ್ಪಿಸಿತು. ಕಡತಗಳ ನಡುವೆ ಬದುಕುವ ನಮಗೆ ಈ ಕಥೆಯಲ್ಲಿ ಹೆಚ್ಚು ಚುಚ್ಚುವುದು ಇದೇ. ಹುಡುಗಿಯ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಆ ಮುಖ ತಿರಸ್ಕಾರವಾಗುತ್ತಿತ್ತು. ಮಾಲೀಕರ ಕಾಗದದಲ್ಲಿ ಇಡೀ ಸತ್ಯವೇ ತಪ್ಪಿದರೂ ಅದು ಸ್ವೀಕಾರವಾಯಿತು.

ಮುಂದೆ ಸರ್ಕಾರಿ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಮೃತರ ಎಲುಬಿನಲ್ಲೂ ಬದುಕಿದ್ದವರ ಉಸಿರಿನಲ್ಲೂ ವಿಕಿರಣವನ್ನು ಅಳೆದು ತೋರಿಸಿದ. ಗ್ರೇಸ್ ಫ್ರೈಯರ್ ಮತ್ತು ಅವಳ ನಾಲ್ವರು ಸಂಗಾತಿಗಳು 1927ರಲ್ಲಿ ದಾವೆ ಹೂಡಿದರು. ವಕೀಲರು ಸಿಗುವುದಕ್ಕೇ ಗ್ರೇಸಳಿಗೆ ಎರಡು ವರ್ಷ ಹಿಡಿದಿತ್ತು. ಅದೇ ವರ್ಷ ಮಾಲಿಯ ಶವವನ್ನು ಗೋರಿಯಿಂದ ತೆಗೆದು ಪರೀಕ್ಷಿಸಿದಾಗ ಎಲುಬುಗಳಲ್ಲಿ ರೇಡಿಯಂ ಸಿಕ್ಕಿತು. ಕಾಗದದಲ್ಲಿ ಬರೆದ ರೋಗದ ಸುಳಿವೇ ಇರಲಿಲ್ಲ. 1928ರ ಜೂನ್‌ನಲ್ಲಿ ರಾಜಿಯಾಗಿ ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್, ಔಷಧದ ವೆಚ್ಚ ಎಂದು ತೀರ್ಮಾನವಾಯಿತು. ಆ ವಾರ್ಷಿಕ ಹಣವನ್ನು ಬಹಳ ವರ್ಷ ಪಡೆಯುವಷ್ಟು ಆಯುಸ್ಸು ಅವರಲ್ಲಿ ಹಲವರಿಗೆ ಇರಲಿಲ್ಲ. ಇಲಿನಾಯ್ ಸಂಸ್ಥಾನದ ಒಟಾವಾ ಊರಿನಲ್ಲೂ ಇದೇ ಕೆಲಸ, ಇದೇ ಕಥೆ. ಅಲ್ಲಿನ ಕ್ಯಾಥರೀನ್ ಡೊನಹ್ಯೂ ಹಾಸಿಗೆ ಹಿಡಿದು ತನ್ನ ಮನೆಯಲ್ಲೇ ಸಾಕ್ಷ್ಯ ನುಡಿದು 1938ರಲ್ಲಿ ಗೆದ್ದಳು. ಅದೇ ವರ್ಷ ತೀರಿಕೊಂಡಳು.

ಅವರ ಸಾವು ವ್ಯರ್ಥವಾಯಿತೆಂದು ಹೇಳಲಾಗದು. ದೇಹದಲ್ಲಿ ಎಷ್ಟು ರೇಡಿಯಂ ಇದ್ದರೆ ಅಪಾಯವೆಂಬ ಮಿತಿಯನ್ನು ಅಮೆರಿಕ 1941ರಲ್ಲಿ ಗೊತ್ತುಮಾಡಿತು: ಒಂದು ಗ್ರಾಮಿನ ಕೋಟಿ ಪಾಲಿನಲ್ಲಿ ಒಂದು ಪಾಲು. ಆ ಅಂಕಿಯನ್ನು ತೆಗೆದದ್ದು ಈ ಹುಡುಗಿಯರ ದೇಹಗಳ ಪರೀಕ್ಷೆಯಿಂದಲೇ. ಗಡಿಯಾರಕ್ಕೆ ಅಂಕಿ ಬರೆದವರು ಕೊನೆಗೆ ವಿಜ್ಞಾನಕ್ಕೂ ಒಂದು ಅಂಕಿ ಬರೆದುಕೊಟ್ಟರು.

ಹಾಗಾದರೆ ನಿಖರತೆ ಹುಟ್ಟುಗುಣವೇ ಎಂಬ ಪ್ರಶ್ನೆಗೆ ಮರಳೋಣ. ಇದಕ್ಕೂ ಒಂದು ಗಡಿಯಾರವೇ ಉತ್ತರ ಕೊಟ್ಟಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳಲ್ಲಿ ರಾಡಾರ್ ನೋಡುತ್ತಾ ಕುಳಿತವರು, ಎಷ್ಟೇ ಜಾಣರಾದರೂ, ಹೊತ್ತು ಕಳೆದಂತೆ ಶತ್ರುವಿನ ಜಲಾಂತರ್ಗಾಮಿಯ ಸುಳಿವನ್ನು ಕಾಣದೆ ಬಿಡುತ್ತಿದ್ದರು. ಕೇಂಬ್ರಿಜಿನ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷಿಸಲು ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿಸಿದ. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಹಾಕುತ್ತದೆ. ಎಂದೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ನೆಗೆಯುತ್ತದೆ. ನೆಗೆದದ್ದನ್ನು ಕಂಡರೆ ಗುಂಡಿ ಒತ್ತಬೇಕು. ಎರಡು ಗಂಟೆ ಹೀಗೆ ನೋಡಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ಅರ್ಧ ಗಂಟೆ ಕಳೆದೊಡನೆ ಕಂಡುಹಿಡಿಯುವ ಶಕ್ತಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕುಗ್ಗುತ್ತದೆ. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಎಂದು ಮಾಡಿದರೆ ಕುಗ್ಗುವುದಿಲ್ಲ.

ಅಂದರೆ ಒಬ್ಬರು ತಪ್ಪಿಲ್ಲದೆ ಕೆಲಸ ಮಾಡುವುದು ಅವರ ಸ್ವಭಾವದಿಂದ ಮಾತ್ರವಲ್ಲ. ಒಳ್ಳೆಯ ಬೆಳಕು, ಸರಿಯಾದ ಕುರ್ಚಿ, ನಂಬಬಹುದಾದ ಅಳತೆ, ಹೊತ್ತಿಗೆ ಬಿಡುವು ಇವೆಲ್ಲ ಸೇರಿ ನಿಖರತೆಯಾಗುತ್ತದೆ. ಅದರ ಅರ್ಧ ಕೆಲಸಗಾರರದ್ದು, ಇನ್ನರ್ಧ ಕೆಲಸ ಕೊಟ್ಟವರದ್ದು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದರ ಹಿಂದೊಂದು ಬಂದವು. ಯಂತ್ರ ತಯಾರಿಸುವ ಯಂತ್ರಗಳನ್ನು ಮಾಡಲು ಹುಟ್ಟಿದ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರಕ್ಕೂ ಕೈಹಾಕಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಸುಜಾತಾ ಇವೆಲ್ಲ ಮನೆಮಾತಾದ ಹೆಸರುಗಳು. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ, ಮದುವೆಯ ಮಂಟಪದಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಮೇಷ್ಟರಿಗೆ ಕೊಡುತ್ತಿದ್ದದ್ದು ಇದೇ. ಊರು ಬಿಟ್ಟು ಪುಣೆ, ಮುಂಬಯಿ, ದೆಹಲಿಗೆ ಬಂದ ಎಷ್ಟೋ ಕನ್ನಡಿಗರ ಟ್ರಂಕಿನಲ್ಲಿ ಬಂದ ಮೊದಲ ಬೆಲೆಬಾಳುವ ವಸ್ತುವೂ ಇದೇ ಇದ್ದೀತು.

ನಮ್ಮೂರು ತುಮಕೂರಿನ ಕಡೆ. ನಮ್ಮ ಬಾಲ್ಯದಲ್ಲಿ ಗಡಿಯಾರ ಕಾರ್ಖಾನೆಯ ಬಸ್ಸು ಹೋಯಿತೆಂದರೆ ಸ್ಕೂಲಿಗೆ ಹೊತ್ತಾಯಿತೆಂದು ಅರ್ಥ. ಬೀದಿಯ ಕೊನೆಯ ಮನೆಯ ಅಕ್ಕ ಒಬ್ಬರು ಆ ಬಸ್ಸು ಹತ್ತುತ್ತಿದ್ದರು. ಅವರಿಗೆ ಜೋಡಣೆ ವಿಭಾಗದಲ್ಲಿ ಕೆಲಸ. ಬೀದಿಯ ಮಕ್ಕಳ ಕಾಲಿಗೆ ಮುಳ್ಳು ಚುಚ್ಚಿದರೆ ಯಾರೂ ಪಿನ್ನು ಹುಡುಕುತ್ತಿರಲಿಲ್ಲ. ಸಂಜೆ ಬಸ್ಸು ಬರುವ ತನಕ ಕಾಯುತ್ತಿದ್ದೆವು. ಅಕ್ಕ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಚಿಮಟ ಹಿಡಿದು, ಒಂದು ಕ್ಷಣ ಉಸಿರು ಕಟ್ಟುತ್ತಿದ್ದರು. ಮುಳ್ಳು ಹೊರಗೆ ಬಂದದ್ದೇ ನಮಗೆ ತಿಳಿಯುತ್ತಿರಲಿಲ್ಲ. "ಬ್ಯಾಲೆನ್ಸ್ ಕೂರಿಸುವಾಗಲೂ ಹೀಗೇ ಕಣೋ. ಉಸಿರು ತಾಗಿದರೂ ಸ್ಪ್ರಿಂಗು ನಡುಗುತ್ತದೆ" ಎನ್ನುತ್ತಿದ್ದರು. ಇದು ನಿಮಗೆ ಹುಟ್ಟಿನಿಂದ ಬಂತೇ ಎಂದು ಯಾರೋ ಕೇಳಿದ್ದಕ್ಕೆ, "ಹುಟ್ಟಿನಿಂದ ಬಂದದ್ದು ನನಗೆ ಅವಸರ ಒಂದೇ. ಇದನ್ನು ಕೂತು ಕಲಿತೆ" ಎಂದಿದ್ದರು. ಆ ಸಂಬಳದಲ್ಲಿ ಅವರು ಇಬ್ಬರು ತಮ್ಮಂದಿರನ್ನು ಓದಿಸಿದರು. ಸಂಬಳದ ಜೊತೆಗೆ ಭವಿಷ್ಯನಿಧಿಯಿತ್ತು, ರಜೆಯಿತ್ತು, ಬೀದಿಯಲ್ಲಿ ಗೌರವವಿತ್ತು.

ಆದರೂ ಆ ಕಾರ್ಖಾನೆ ಉಳಿಯಲಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಈ ಗಡಿಯಾರಗಳ ಕ್ವಾರ್ಟ್ಜ್ ಹರಳಿಗೆ ಸೆಕೆಂಡಿಗೆ 32,768 ಕಂಪನಗಳೆಂಬುದು ವಾಡಿಕೆಯಾಯಿತು. ನಮ್ಮ ಜನತಾ ಸೆಕೆಂಡಿಗೆ 5 ಬಾರಿ ಮಿಡಿದು ದಿನಕ್ಕೆ ಅರ್ಧ ನಿಮಿಷ ತಪ್ಪಿದರೆ, ಅಗ್ಗದ ಕ್ವಾರ್ಟ್ಜ್ ಗಡಿಯಾರ ದಿನಕ್ಕೆ ಅರ್ಧ ಸೆಕೆಂಡು ತಪ್ಪುತ್ತದೆ. ಅಕ್ಕನ ಬೆರಳು ಎಷ್ಟು ಕಲಿತರೂ ಈ ಹರಳಿನೊಡನೆ ಸ್ಪರ್ಧಿಸುವಂತಿರಲಿಲ್ಲ. ಎಚ್.ಎಂ.ಟಿ. ಕೂಡ ಕ್ವಾರ್ಟ್ಜ್ ಗಡಿಯಾರ ಮಾಡಿತು. ಆದರೆ 1984ರಲ್ಲಿ ಸ್ಥಾಪನೆಯಾದ ಟೈಟನ್ ಹೊಸೂರಿನಲ್ಲಿ ಕಾರ್ಖಾನೆ ಹಾಕಿ ಕ್ವಾರ್ಟ್ಜನ್ನೇ ನೆಚ್ಚಿ ಮುಂದೆ ಹೋಯಿತು. 1991ರ ನಂತರ ಮಾರುಕಟ್ಟೆಯೂ ತೆರೆದುಕೊಂಡಿತು. ನಷ್ಟ ಏರುತ್ತಾ ಹೋಗಿ, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಉಳಿದ ನೌಕರರು ಸ್ವಯಂ ನಿವೃತ್ತಿ ಪಡೆದರು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಯ ಕೈ ಸೇರಿತು. ಆ ನೆಲಕ್ಕೆ ನಿಖರತೆಯ ಋಣ ಇನ್ನೂ ತೀರಿಲ್ಲವೆಂದು ಕಾಣುತ್ತದೆ.

ಎರಡು ಕಾರ್ಖಾನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಆರೆಂಜಿನ ಹುಡುಗಿಯರೂ ತುಮಕೂರಿನ ಅಕ್ಕನೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸ. ಗಡಿಯಾರ, ಸಣ್ಣ ಬೆರಳು, ತಗ್ಗಿದ ಕತ್ತು. ಒಂದು ಕಡೆ ಅದು ಪ್ರಾಣ ತೆಗೆಯಿತು, ಇನ್ನೊಂದು ಕಡೆ ಮನೆ ನಿಲ್ಲಿಸಿತು. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಚಿಮಟದಲ್ಲಿಯೂ ಇಲ್ಲ, ಮೈಕ್ರೋಸ್ಕೋಪಿನಲ್ಲಿಯೂ ಇಲ್ಲ. ಕೆಲಸಗಾರರಿಂದ ಕೇಳುವ ನಿಖರತೆಯನ್ನು ಕೆಲಸ ಕೊಟ್ಟವರು ತಮ್ಮ ಕಡೆಯಿಂದಲೂ ಸಲ್ಲಿಸುತ್ತಾರೆಯೇ ಎಂಬುದರಲ್ಲಿದೆ.

ಇದು ಹಳೆಯ ಕಾಲಕ್ಕೆ ಮುಗಿದ ಮಾತೂ ಅಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಭೆಯೆದ್ದು ಯಂತ್ರಗಳು ಪುಡಿಯಾದದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಒಡೆದದ್ದು ಸರಿಯಲ್ಲ. ಆದರೆ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಮಿಲಿಮೀಟರಿನ ನೂರರ ಪಾಲನ್ನು ಅಳೆಯಬಲ್ಲ ಕಾರ್ಖಾನೆಗೆ ತಿಂಗಳ ಸಂಬಳದ ಲೆಕ್ಕ ಅಳತೆಗೆ ಸಿಗಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಕಚೇರಿಯ ಅಭ್ಯಾಸಬಲದಿಂದ ಒಂದು ಮಾತು ಹೇಳಿಬಿಡುತ್ತೇವೆ. 1948ರ ಕಾರ್ಖಾನೆ ಕಾಯಿದೆಯಲ್ಲೇ ಬೆಳಕು, ಕೂರುವ ವ್ಯವಸ್ಥೆ, ಕಣ್ಣಿನ ರಕ್ಷಣೆ ಇವಕ್ಕೆ ಪ್ರತ್ಯೇಕ ಕಲಮುಗಳಿದ್ದವು. 1984ರ ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಅಪಾಯದ ವಸ್ತುಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ಕೊಡಲೇಬೇಕೆಂಬ ಕಲಮು ಸೇರಿತು. ಆರೆಂಜಿನ ಹುಡುಗಿಯರಿಗೆ ಇಲ್ಲದೆ ಹೋದದ್ದು ಇದೇ. 2020ರಲ್ಲಿ ಸಂಸತ್ತು ಈ ಕಾಯಿದೆಯನ್ನೂ ಇತರ ಹಲವು ಕಾಯಿದೆಗಳನ್ನೂ ಒಂದೇ ಸಂಹಿತೆಯಲ್ಲಿ ಸೇರಿಸಿತು. ಕಲಮಿನ ಸಂಖ್ಯೆ ಬದಲಾಗಬಹುದು. ಕೇಳುವ ಬಾಯಿ ಇರಬೇಕಾದದ್ದು ಬದಲಾಗದು.

ನಮ್ಮ ಕಚೇರಿಯ ಒಂದು ಅನುಭವವನ್ನೂ ಹೇಳಿಬಿಡುತ್ತೇವೆ. ನೌಕರಿಗೆ ಸೇರಿದ ಮೊದಲ ವರ್ಷ ಒಂದು ತಖ್ತೆಯಲ್ಲಿ 5,463 ಎಂದು ಬರೆಯುವ ಬದಲು 5,643 ಎಂದು ಬರೆದೆವು. ಲೆಕ್ಕ ತಾಳೆಯಾಗಲಿಲ್ಲ. ರಾತ್ರಿ ಎಂಟರವರೆಗೆ ಹುಡುಕಿದರೂ ತಪ್ಪು ಸಿಗದೆ, ಈ ಕೆಲಸಕ್ಕೆ ನಾವು ಹುಟ್ಟಿದವರಲ್ಲವೆಂದು ನಿರ್ಧರಿಸಿಬಿಟ್ಟಿದ್ದೆವು. ಆಗ ನಿವೃತ್ತಿಯ ಅಂಚಿನಲ್ಲಿದ್ದ ಸೂಪರಿಂಟೆಂಡೆಂಟರು ಬಂದು ಕೇಳಿದರು: "ವ್ಯತ್ಯಾಸ ಎಷ್ಟು?" 180 ಎಂದೆವು. "ಒಂಬತ್ತರಿಂದ ಭಾಗವಾಗುತ್ತದಲ್ಲ? ಹಾಗಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬೇಕು, ನೋಡಿ." ಐದು ನಿಮಿಷದಲ್ಲಿ ತಪ್ಪು ಸಿಕ್ಕಿತು. ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೆಂಬುದು ಗಣಿತ. ಬೈಯದೆ, ತಪ್ಪು ಹುಡುಕುವ ದಾರಿ ಕಲಿಸಿದ್ದು ದೊಡ್ಡತನ. ಅಂದಿನಿಂದ ಇಂದಿನವರೆಗೆ ನಾವು ಅಷ್ಟಿಷ್ಟು ನಿಖರವಾಗಿದ್ದರೆ ಅದರ ಅರ್ಧ ಪಾಲು ಅವರದ್ದು.

ಆದ್ದರಿಂದ ಆ ಹುಡುಗಿಗೆ ನಾವು ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆವು. ಸಂಘದ ಮನೆಗಳಲ್ಲಿ ಇಂಥ ಕೆಲಸಕ್ಕೆ ಹೊರಟ ಬೇರೆ ಮಕ್ಕಳಿಗೂ ಅವು ಉಪಯೋಗಕ್ಕೆ ಬರಬಹುದು. ಒಂದು, ನೀನು ಮುಟ್ಟುವ, ಉಸಿರಾಡುವ ವಸ್ತುಗಳು ಯಾವುವೆಂದು ಬರಹದಲ್ಲಿ ಕೊಡುತ್ತಾರೆಯೇ? ಎರಡು, ಎಷ್ಟು ಹೊತ್ತು ಒಂದೇ ಸಮನೆ ನೋಡಬೇಕು, ಕಣ್ಣಿಗೆ ಬಿಡುವು ಎಷ್ಟು ಹೊತ್ತಿಗೊಮ್ಮೆ? ಮೂರು, ತಪ್ಪೊಂದು ನುಸುಳಿ ಹೋದರೆ ಅದನ್ನು ನಿನ್ನ ಸಂಬಳದಲ್ಲಿ ಹಿಡಿಯುತ್ತಾರೆಯೇ, ಅಥವಾ ತಪ್ಪು ಹುಟ್ಟಿದ ಜಾಗವನ್ನು ಹುಡುಕುತ್ತಾರೆಯೇ? ನಾಲ್ಕು, ನಾಳೆ ನಿನ್ನ ಜಾಗಕ್ಕೆ ಕ್ಯಾಮೆರಾ ಬಂದು ಕುಳಿತರೆ, ಅಷ್ಟು ಹೊತ್ತಿಗೆ ನೀನು ಏನು ಕಲಿತಿರುತ್ತೀಯೆ?

ಈ ಬರಹವನ್ನು ಸಂಪಾದಕರಿಗೆ ಒಪ್ಪಿಸುವ ಹಿಂದಿನ ದಿನ ಹುಡುಗಿ ಫೋನು ಮಾಡಿದ್ದಳು. ಕಾರ್ಖಾನೆಗೆ ಹೋಗಿ ಚೀಟಿ ನೋಡಿಕೊಂಡೇ ಕೇಳಿದಳಂತೆ. ಮೊದಲ ಪ್ರಶ್ನೆಗೆ ಒಂದು ಮುದ್ರಿತ ಪಟ್ಟಿಯನ್ನೇ ಕೊಟ್ಟರು. ಎರಡನೆಯದಕ್ಕೆ ಗಂಟೆಗೊಮ್ಮೆ ಹತ್ತು ನಿಮಿಷ ಎಂದರು. ಮೂರನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೇಳಿ ಹೇಳುತ್ತೇವೆ ಎಂದರು. ನಾಲ್ಕನೆಯದನ್ನು ಅವಳು ಅವರನ್ನು ಕೇಳಲಿಲ್ಲ.

"ಯಾಕವ್ವಾ?" ಎಂದೆವು.

"ಅದು ಅವರು ಹೇಳೂದಲ್ಲ ಕಾಕಾ, ನಾನ ನೋಡ್ಕೋಬೇಕು" ಎಂದಳು. ಮೂರನೆಯ ಉತ್ತರ ಬರಹದಲ್ಲಿ ಬಂದ ಮೇಲೆಯೇ ಸೇರುತ್ತಾಳಂತೆ.

ಹಿಂದಿನಿಂದ ತಂದೆಯ ದನಿ ಕೇಳಿಸಿತು. "ಸರ ಅವರಿಗೆ ಹೇಳು, ಬರೂ ಐತವಾರ ಮನೀಗೆ ಊಟಕ್ಕ ಬರ್ಬೇಕಂತ. ಹನ್ನೆರಡಕ್ಕ ಅಂದ್ರ ಹನ್ನೆರಡಕ್ಕ!"

ಹೋಗುತ್ತೇವೆ. ಬೆಳಗ್ಗೆ ಕೀಲಿ ಕೊಡುವಾಗ ಗಡಿಯಾರವನ್ನು ಅರ್ಧ ನಿಮಿಷ ಮುಂದೆ ಇಟ್ಟುಕೊಂಡರಾಯಿತು.